ಬ್ರೌಸರ್ ತೆರೆಯುತ್ತಿಲ್ಲವೆ? ಬನ್ನಿ, ಕಾರಣ ಹುಡುಕೋಣ!



ಪರೀಕ್ಷೆಯ ಫಲಿತಾಂಶ ನೋಡಬೇಕು, ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕು, ಗ್ರಹಣದ ಚಿತ್ರಗಳನ್ನು ನೋಡಬೇಕು ಎಂದು ಕಂಪ್ಯೂಟರ್ ಮುಂದೆ ಕೂರುತ್ತೀರಿ. ಆಗಲೇ ಬ್ರೌಸರ್ ತೆರೆಯುವುದಿಲ್ಲ. ತೆರೆದರೂ ಪಟ್ಟನೆ ಮುಚ್ಚಿಹೋಗುತ್ತದೆ. ಸುತ್ತ ನಿಂತವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ‘ನೆಟ್ ಹೋಗಿದೆ’, ‘ವೈರಸ್ ಬಂದಿದೆ’, ‘ನೀನೇ ಏನೋ ಒತ್ತಿ ಕೆಡಿಸಿದೆ’! ಕೊನೆಗೆ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಎಲ್ಲರೂ ಎದ್ದುಹೋಗುತ್ತಾರೆ. ಅರ್ಜಿಯ ಕೊನೆಯ ದಿನವೂ ಕಳೆದುಹೋಗುತ್ತದೆ.

ಈ ಮೂರು ಮಾತುಗಳಲ್ಲಿ ಒಂದನ್ನಾದರೂ ಯಾರಾದರೂ ಪರೀಕ್ಷಿಸಿ ನೋಡಿದರೇ? ಇಲ್ಲ. ಅವು ಊಹೆಗಳು. ಊಹೆಯನ್ನು ಪರೀಕ್ಷಿಸಿ ನೋಡುವುದೇ ವಿಜ್ಞಾನದ ದಾರಿ. ಆ ದಾರಿಯಲ್ಲಿ ನಡೆದರೆ ಬ್ರೌಸರಿನ ತೊಂದರೆಗೂ ಕಾರಣ ಸಿಗುತ್ತದೆ.

ಬ್ರೌಸರ್ ಎಂದರೇನು?

ಜಾಲತಾಣಗಳ ಪುಟಗಳನ್ನು ತಂದು ಪರದೆಯ ಮೇಲೆ ತೋರಿಸುವ ತಂತ್ರಾಂಶವೇ ಬ್ರೌಸರ್. ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಇವೆಲ್ಲ ಬ್ರೌಸರ್‌ಗಳು. ಮೊದಲ ಬ್ರೌಸರನ್ನು 1990ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಬರೆದರು.

ಒಂದು ವಿಷಯ ನೆನಪಿಡಿ. ಬ್ರೌಸರ್ ಇರುವುದು ನಿಮ್ಮ ಕಂಪ್ಯೂಟರಿನ ಒಳಗೆ. ಅಂತರಜಾಲ ಇರುವುದು ಹೊರಗೆ. ಬಾವಿಯಲ್ಲಿ ನೀರಿಲ್ಲದಿದ್ದರೂ ಕೊಡ ಕೊಡವೇ ತಾನೆ? ಹಾಗೆಯೇ ಅಂತರಜಾಲ ಇಲ್ಲದಿದ್ದರೂ ಬ್ರೌಸರಿನ ಕಿಟಕಿ ತೆರೆಯಲೇಬೇಕು.

ಮೊದಲ ಪ್ರಶ್ನೆ

ಆದ್ದರಿಂದ ಮೊದಲು ಹೀಗೆ ಕೇಳಿಕೊಳ್ಳಿ: ಕಿಟಕಿಯೇ ತೆರೆಯುತ್ತಿಲ್ಲವೋ, ಅಥವಾ ಕಿಟಕಿ ತೆರೆದು ಪುಟ ಮಾತ್ರ ಬರುತ್ತಿಲ್ಲವೋ?

ಕಿಟಕಿಯೇ ತೆರೆಯದಿದ್ದರೆ ಕಾರಣವನ್ನು ಕಂಪ್ಯೂಟರಿನ ಒಳಗೆ ಹುಡುಕಬೇಕು. ಕಿಟಕಿ ತೆರೆದು ಪುಟ ಬರದಿದ್ದರೆ ಕಾರಣ ಅಂತರಜಾಲದಲ್ಲಿಯೋ, ಆ ಜಾಲತಾಣದಲ್ಲಿಯೋ ಇರಬಹುದು. ಈ ಒಂದು ಪ್ರಶ್ನೆಯಿಂದಲೇ ಹುಡುಕುವ ಕೆಲಸ ಅರ್ಧ ಕಡಿಮೆಯಾಯಿತು!

ಕಿಟಕಿ ತೆರೆಯದಿದ್ದರೆ

ನಿಮ್ಮ ತರಗತಿಯ ಬೀರು ಮತ್ತು ಮೇಜನ್ನು ನೆನೆಸಿಕೊಳ್ಳಿ. ಪುಸ್ತಕಗಳೆಲ್ಲ ಬೀರುವಿನಲ್ಲಿರುತ್ತವೆ. ಓದಬೇಕಾದ್ದನ್ನು ಮಾತ್ರ ಮೇಜಿನ ಮೇಲೆ ತೆಗೆದಿಡುತ್ತೇವೆ. ಕಂಪ್ಯೂಟರಿನಲ್ಲಿ ಡಿಸ್ಕ್ ಎಂಬುದು ಬೀರು, ರ‍್ಯಾಮ್ ಎಂಬ ಸ್ಮೃತಿ ಮೇಜು. ಬ್ರೌಸರಿನ ಚಿಹ್ನೆಯನ್ನು ಕ್ಲಿಕ್ ಮಾಡಿದಾಗ ಅದು ಬೀರುವಿನಿಂದ ಮೇಜಿಗೆ ಬರಬೇಕು. ಹಳೆಯ ಕಂಪ್ಯೂಟರಿನಲ್ಲಿ ಇದಕ್ಕೆ ಸ್ವಲ್ಪ ಸಮಯ ಬೇಕು. ಅಷ್ಟರಲ್ಲಿ ಆತುರಪಟ್ಟು ಹತ್ತು ಸಲ ಕ್ಲಿಕ್ ಮಾಡಿದರೆ ಹತ್ತು ಅಪ್ಪಣೆ ಕೊಟ್ಟಂತೆ. ಕೆಲಸ ಇನ್ನೂ ನಿಧಾನವಾಗುತ್ತದೆ.

ಹಾಗಾಗಿ ಈ ಕ್ರಮದಲ್ಲಿ ಮಾಡಿ.

1. ಒಮ್ಮೆ ಕ್ಲಿಕ್ ಮಾಡಿ ಒಂದು ನಿಮಿಷ ಕಾಯಿರಿ. ಪರದೆಯ ಮೇಲೆ ಸಂದೇಶವೇನಾದರೂ ಬಂದರೆ ಅದನ್ನು ಇದ್ದ ಹಾಗೆಯೇ ಪುಸ್ತಕದಲ್ಲಿ ಬರೆದುಕೊಳ್ಳಿ. ವೈದ್ಯರಿಗೆ ಜ್ವರದ ಅಳತೆ ಹೇಗೋ, ದುರಸ್ತಿ ಮಾಡುವವರಿಗೆ ಈ ಸಂದೇಶ ಹಾಗೆ.

2. ಬ್ರೌಸರ್ ಹಿಂದೆಯೇ ತೆರೆದು, ಕಿಟಕಿ ಮಾತ್ರ ಕಾಣದೆ, ಒಳಗೆ ಸಿಕ್ಕಿಕೊಂಡಿರಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಈಗ ನಡೆಯುತ್ತಿರುವ ಕೆಲಸಗಳ ಪಟ್ಟಿ ಬರುತ್ತದೆ. ಅಲ್ಲಿ ಬ್ರೌಸರಿನ ಹೆಸರಿದ್ದರೆ ಶಿಕ್ಷಕರಿಗೆ ತೋರಿಸಿ. ಅವರು ಅದನ್ನು ನಿಲ್ಲಿಸಿದ ಮೇಲೆ ಮತ್ತೆ ತೆರೆಯಿರಿ.

3. ಆಗಲೂ ಆಗದಿದ್ದರೆ ತೆರೆದಿರುವ ಉಳಿದ ಕೆಲಸಗಳನ್ನು ಉಳಿಸಿ, ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಿ ಪುನಃ ಆರಂಭಿಸಿ. ಮೇಜಿನ ಮೇಲೆ ಹರಡಿದ್ದೆಲ್ಲ ತೆರವಾಗಿ ಹೊಸದಾಗಿ ಕೆಲಸ ಶುರುವಾಗುತ್ತದೆ. ನೇರವಾಗಿ ಕರೆಂಟ್ ಸ್ವಿಚ್ ಆರಿಸಬೇಡಿ. ಬೀರುವಿಗೆ ಬರೆಯುತ್ತಿದ್ದ ಮಾಹಿತಿ ಅರ್ಧಕ್ಕೇ ನಿಂತು ಹಾಳಾಗಬಹುದು.

4. ಬ್ರೌಸರ್ ತೆರೆದು ಮತ್ತೆ ಮತ್ತೆ ಮುಚ್ಚಿಹೋಗುತ್ತಿದೆಯೆ? ಅದಕ್ಕೆ ಅಂಟಿಸಿಕೊಂಡಿರುವ ಎಕ್ಸ್‌ಟೆನ್ಷನ್ ಎಂಬ ಚಿಕ್ಕ ತಂತ್ರಾಂಶಗಳಲ್ಲಿ ಒಂದು ತಂಟೆ ಮಾಡುತ್ತಿರಬಹುದು. ಶಿಫ್ಟ್ ಕೀಲಿ ಒತ್ತಿ ಹಿಡಿದು ಫೈರ್‌ಫಾಕ್ಸ್ ತೆರೆದರೆ ಅವೆಲ್ಲವನ್ನೂ ಬಿಟ್ಟು ತೆರೆಯಬೇಕೆ ಎಂದು ಅದೇ ಕೇಳುತ್ತದೆ. ಹಾಗೆ ತೆರೆದಾಗ ಸರಿಯಾಗಿ ನಡೆದರೆ ಕಳ್ಳ ಆ ಗುಂಪಿನಲ್ಲೇ ಇದ್ದಾನೆ!

ಕಳ್ಳನನ್ನು ಹಿಡಿಯುವುದು ಒಂದು ಗಣಿತದ ಆಟ. ಎಂಟು ಎಕ್ಸ್‌ಟೆನ್ಷನ್‌ಗಳಿವೆ, ತಂಟೆ ಮಾಡುವುದು ಒಂದೇ ಎಂದಿಟ್ಟುಕೊಳ್ಳಿ. ಒಂದೊಂದನ್ನೇ ಪರೀಕ್ಷಿಸಿದರೆ ಏಳು ಸಲ ನೋಡಬೇಕಾಗಬಹುದು. ಅದರ ಬದಲು ನಾಲ್ಕನ್ನು ಆರಿಸಿ ನೋಡಿ. ತೊಂದರೆ ನಿಂತರೆ ಕಳ್ಳ ಆ ನಾಲ್ಕರಲ್ಲಿದ್ದಾನೆ, ನಿಲ್ಲದಿದ್ದರೆ ಉಳಿದ ನಾಲ್ಕರಲ್ಲಿ. ಆ ನಾಲ್ಕನ್ನು ಎರಡೆರಡಾಗಿ, ಎರಡನ್ನು ಒಂದೊಂದಾಗಿ ಪಾಲು ಮಾಡಿ. ಮೂರೇ ಸಲಕ್ಕೆ ಸಿಕ್ಕಿಬಿದ್ದ!

ಪುಟ ಬರದಿದ್ದರೆ

ಮೊದಲು ಬೇರೊಂದು ಜಾಲತಾಣ ತೆರೆದು ನೋಡಿ. ಅದು ಬಂದರೆ ನಿಮ್ಮ ಬ್ರೌಸರ್, ನಿಮ್ಮ ನೆಟ್ ಎರಡೂ ಬಹುಶಃ ಸರಿಯಾಗಿವೆ. ಆ ಮೊದಲ ತಾಣದಲ್ಲೇ ತೊಂದರೆ ಇರಬಹುದು. ಫಲಿತಾಂಶದ ದಿನ ಲಕ್ಷಾಂತರ ಜನ ಒಂದೇ ತಾಣಕ್ಕೆ ಮುತ್ತಿದಾಗ ಹೀಗಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. ಯಾವ ತಾಣವೂ ಬರದಿದ್ದರೆ ನೆಟ್ಟಿನ ತಂತಿ ಸರಿಯಾಗಿ ಕೂತಿದೆಯೇ ನೋಡಿ.

ತಂತಿಯೂ ಸರಿಯಿದ್ದರೆ ಪರದೆಯ ಮೂಲೆಯಲ್ಲಿರುವ ತಾರೀಖನ್ನು ನೋಡಿ! ತಾರೀಖಿಗೂ ಜಾಲತಾಣಕ್ಕೂ ಏನು ಸಂಬಂಧ? ನಿಮ್ಮ ಬಸ್ ಪಾಸಿನಲ್ಲಿ ‘ಇಂದಿನಿಂದ ಇಂದಿನವರೆಗೆ’ ಎಂದು ಇರುತ್ತದಲ್ಲವೆ? ಸುರಕ್ಷಿತ ಜಾಲತಾಣಗಳಿಗೂ ಅಂಥದೇ ಪ್ರಮಾಣಪತ್ರವಿದೆ. ಅವಧಿ ಸರಿಯಿದೆಯೇ ಎಂದು ಬ್ರೌಸರ್ ನಿಮ್ಮ ಕಂಪ್ಯೂಟರಿನ ತಾರೀಖಿನೊಂದಿಗೆ ಹೋಲಿಸಿ ನೋಡುತ್ತದೆ. ಕಂಪ್ಯೂಟರ್ ಹತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತಿದ್ದರೆ ‘ಈ ಪಾಸ್ ಇನ್ನೂ ಶುರುವೇ ಆಗಿಲ್ಲ’ ಎಂದು ತಿಳಿದು ತಡೆಯುತ್ತದೆ.

ತಾರೀಖು ಹಿಂದೆ ಹೋಗುವುದೇಕೆ? ಕಂಪ್ಯೂಟರಿನ ಒಳಗೆ ನಾಣ್ಯದ ಆಕಾರದ, 3 ವೋಲ್ಟಿನ ಒಂದು ಚಿಕ್ಕ ಬ್ಯಾಟರಿ ಇದೆ. ಕರೆಂಟ್ ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದೇ. ಕೆಲವು ವರ್ಷಗಳಾದ ಮೇಲೆ ಅದು ಖಾಲಿಯಾಗುತ್ತದೆ. ತಾರೀಖು ಸರಿಪಡಿಸಿದರೂ ಮತ್ತೆ ಮತ್ತೆ ಹಿಂದೆ ಹೋದರೆ ಶಿಕ್ಷಕರಿಗೆ ತಿಳಿಸಿ. ಪೆಟ್ಟಿಗೆಯನ್ನು ನೀವೇ ಬಿಚ್ಚಬೇಡಿ.

ಜಗತ್ತಿನ ಫೈರ್‌ಫಾಕ್ಸ್ ನಿಂತ ಎರಡು ಗಂಟೆ

2022ರ ಜನವರಿ 13ರಂದು ಒಂದು ವಿಚಿತ್ರ ನಡೆಯಿತು. ಜಗತ್ತಿನ ಅನೇಕ ಕಡೆ ಫೈರ್‌ಫಾಕ್ಸ್ ಇದ್ದಕ್ಕಿದ್ದಂತೆ ಯಾವ ಪುಟವನ್ನೂ ತೋರಿಸದೆ ನಿಂತುಬಿಟ್ಟಿತು. ಹೆಚ್ಚುಕಡಿಮೆ ಎರಡು ಗಂಟೆ ಹೀಗೇ ಆಯಿತು. ಬಳಸುವವರು ಯಾರೂ ಏನನ್ನೂ ಕೆಡಿಸಿರಲಿಲ್ಲ.

ಫೈರ್‌ಫಾಕ್ಸನ್ನು ತಯಾರಿಸುವ ಮೊಜಿಲ್ಲಾ ಸಂಸ್ಥೆಯ ಎಂಜಿನಿಯರುಗಳು ‘ಇತ್ತೀಚೆಗೆ ಏನು ಬದಲಾಯಿತು?’ ಎಂದು ಹುಡುಕತೊಡಗಿದರು.  ಬದಲಾಗಿದ್ದದ್ದು, ಫೈರ್‌ಫಾಕ್ಸ್ ತನ್ನ ವರದಿಗಳನ್ನು ಕಳಿಸುವ ದೂರದ ಕಂಪ್ಯೂಟರುಗಳ ಒಂದು ಏರ್ಪಾಡು. ಅವು ಮಾಹಿತಿ ಸಾಗಿಸುವ ಹೊಸ ವಿಧಾನವೊಂದನ್ನು ಬಳಸತೊಡಗಿದ್ದವು. ಆ ಹೊಸ ದಾರಿಯಲ್ಲಿ ಹೋದಾಗ, ತಂತ್ರಾಂಶದಲ್ಲಿ ಅಡಗಿದ್ದ ತಪ್ಪೊಂದು ಹೊರಬಿತ್ತು.

ಆ ತಪ್ಪು ಯಾವುದು ಗೊತ್ತೆ? ದೊಡ್ಡಕ್ಷರ ಮತ್ತು ಚಿಕ್ಕಕ್ಷರ! ವರದಿ ಎಷ್ಟು ಉದ್ದವಿದೆ ಎಂದು ತಿಳಿಸುವ ಒಂದು ಇಂಗ್ಲಿಷ್ ಚೀಟಿಯನ್ನು ತಂತ್ರಾಂಶದ ಒಂದು ಭಾಗ ಚಿಕ್ಕಕ್ಷರದಲ್ಲಿ ಬರೆಯುತ್ತಿತ್ತು. ಇನ್ನೊಂದು ಭಾಗ ಅದನ್ನೇ ದೊಡ್ಡಕ್ಷರದಿಂದ ಶುರುವಾಗುವ ಪದವೆಂದು ಹುಡುಕುತ್ತಿತ್ತು. ನಮ್ಮ ಕನ್ನಡದಲ್ಲಿ ಈ ಭೇದವೇ ಇಲ್ಲ. ಇಂಗ್ಲಿಷ್ ಓದುವವರಿಗೂ ದೊಡ್ಡ ‘ಸಿ’, ಚಿಕ್ಕ ‘ಸಿ’ ಎರಡೂ ಒಂದೇ. ಆದರೆ ಕಂಪ್ಯೂಟರಿಗೆ ಅಕ್ಷರಗಳೆಲ್ಲ ಸಂಖ್ಯೆಗಳು. ದೊಡ್ಡ ‘ಸಿ’ ಎಂದರೆ 67, ಚಿಕ್ಕ ‘ಸಿ’ ಎಂದರೆ 99. ಚೀಟಿ ಸಿಗದೆ ತಂತ್ರಾಂಶ ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತತೊಡಗಿತು. ಬೇರೆ ಪುಟಗಳೂ ಅದೇ ದಾರಿಯಲ್ಲಿ ಬರಬೇಕಾದ್ದರಿಂದ ಎಲ್ಲವೂ ನಿಂತವು. ದೂರದ ಕಂಪ್ಯೂಟರುಗಳ ಏರ್ಪಾಡನ್ನು ಮೊದಲಿನಂತೆ ಮಾಡಿದ ಮೇಲೆ ಫೈರ್‌ಫಾಕ್ಸ್ ಸರಿಹೋಯಿತು.

ಆದ್ದರಿಂದ ಬ್ರೌಸರ್ ನಿಂತ ತಕ್ಷಣ ಪಕ್ಕದಲ್ಲಿ ಕೂತ ಗೆಳತಿಯ ಮೇಲೆ ತಪ್ಪು ಹೊರಿಸಬೇಡಿ. ನಿಮ್ಮನ್ನೂ ಬೈದುಕೊಳ್ಳಬೇಡಿ. ಎಂಜಿನಿಯರುಗಳಂತೆ ‘ಏನು ಬದಲಾಯಿತು?’ ಎಂದು ಕೇಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ.

ಎಚ್ಚರ!

‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಇಲ್ಲಿ ಕ್ಲಿಕ್ ಮಾಡಿ, ಈ ನಂಬರಿಗೆ ಫೋನ್ ಮಾಡಿ’ ಎಂದು ಪುಟದ ಮೇಲೆ ಹಾರಿ ಬರುವ ಸಂದೇಶಗಳನ್ನು ನಂಬಬೇಡಿ. ಹೆದರಿದವರನ್ನು ಮೋಸಮಾಡಲು ಹೂಡಿದ ಬಲೆ ಅದು. ಕ್ಲಿಕ್ ಮಾಡದೆ ಶಿಕ್ಷಕರನ್ನು ಕರೆಯಿರಿ. ಮನೆಯವರ ಫೋನಿಗೆ ಬರುವ ಓಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ.

ನಿಮಗೆ ಗೊತ್ತೆ?

ತಂತ್ರಾಂಶದ ತಪ್ಪಿಗೆ ‘ಬಗ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬಗ್ ಎಂದರೆ ಹುಳು. ಯಂತ್ರದ ತೊಂದರೆಗೆ ಈ ಪದವನ್ನು 19ನೇ ಶತಮಾನದಲ್ಲೇ ಬಳಸುತ್ತಿದ್ದರು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಮಾರ್ಕ್ 2’ ಕಂಪ್ಯೂಟರಿನೊಳಗೆ ನಿಜವಾದ ಪತಂಗವೇ ಸಿಕ್ಕಿತು! ಅಲ್ಲಿನವರು ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ‘ಬಗ್ ಸಿಕ್ಕ ಮೊದಲ ನಿಜವಾದ ಪ್ರಸಂಗ’ ಎಂಬರ್ಥದಲ್ಲಿ ತಮಾಷೆಯಾಗಿ ಬರೆದಿಟ್ಟರು.

ಮಾಡಿ ನೋಡಿ (ಶಿಕ್ಷಕರ ಎದುರಿನಲ್ಲಿ)

1. ನೆಟ್ಟಿನ ತಂತಿ ತೆಗೆದು ಬ್ರೌಸರ್ ತೆರೆಯಿರಿ. ಕಿಟಕಿ ತೆರೆಯಿತೆ? ಪುಟ ಬಂತೆ? ಬಂದ ಸಂದೇಶವನ್ನು ಬರೆದುಕೊಳ್ಳಿ. ತಂತಿಯನ್ನು ಮತ್ತೆ ಜೋಡಿಸಿ.

2. ಕಂಪ್ಯೂಟರಿನ ತಾರೀಖನ್ನು ಹತ್ತು ವರ್ಷ ಹಿಂದಕ್ಕೆ ಇಟ್ಟು ಒಂದು ಜಾಲತಾಣ ತೆರೆಯಿರಿ. ಏನಾಯಿತು? ಮರೆಯದೆ ತಾರೀಖನ್ನು ಸರಿಪಡಿಸಿ.

3. ಕಂಪ್ಯೂಟರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ತಾರೀಖು, ಕಂಡ ತೊಂದರೆ, ಮಾಡಿದ ಪ್ರಯತ್ನ, ಫಲ ಎಂದು ನಾಲ್ಕು ಕಲಮುಗಳನ್ನು ಎಳೆಯಿರಿ. ಪ್ರತಿ ತೊಂದರೆಯನ್ನೂ ಅದರಲ್ಲಿ ಬರೆಯಿರಿ. ಮುಂದಿನ ವರ್ಷ ಬರುವ ಮಕ್ಕಳಿಗೆ ಅದೇ ಪಾಠಪುಸ್ತಕ.

ಯೋಚಿಸಿ ಉತ್ತರಿಸಿ

1. ‘ಬ್ರೌಸರಿನ ಕಿಟಕಿಯೇ ತೆರೆಯುತ್ತಿಲ್ಲ, ನೆಟ್ ಇಲ್ಲದಿರಬೇಕು’ ಎಂದು ಗೆಳೆಯನೊಬ್ಬ ಹೇಳುತ್ತಾನೆ. ಅವನ ಊಹೆ ಸರಿಯೆ? ಏಕೆ?

2. ಹದಿನಾರು ಎಕ್ಸ್‌ಟೆನ್ಷನ್‌ಗಳಲ್ಲಿ ಒಂದು ತಂಟೆ ಮಾಡುತ್ತಿದೆ. ಅರ್ಧರ್ಧ ಪಾಲು ಮಾಡುತ್ತ ಹೋದರೆ ಎಷ್ಟು ಸಲಕ್ಕೆ ಸಿಗುತ್ತದೆ?

3. ಹೀಗೆ ಕಾರಣ ಹುಡುಕುವ ಕ್ರಮವನ್ನು ಉರಿಯದ ಟಾರ್ಚಿಗೆ ಬಳಸಿ. ಯಾವುದನ್ನು ಮೊದಲು ಪರೀಕ್ಷಿಸುತ್ತೀರಿ? ಯಾವುದನ್ನು ಆಮೇಲೆ?