ತುಂಡುಗಳಿಂದ ಬಟ್ಟಲು

ಮಣ್ಣಿನ ಬಟ್ಟಲನ್ನು ಕುಂಬಾರನು ತಿಗರಿಯ ಮೇಲೆ ಎತ್ತುತ್ತಾನೆ. ಕಂಚಿನ ಬಟ್ಟಲನ್ನು ಕಂಚುಗಾರನು ಎರಕ ಹೊಯ್ಯುತ್ತಾನೆ. ಮರದ ಬಟ್ಟಲನ್ನಾದರೋ ಕಡೆದು ತೆಗೆಯಬೇಕು. ಬೇಡವಾದುದನ್ನೆಲ್ಲ ಕಳೆದು ಬೇಕಾದಷ್ಟನ್ನು ಉಳಿಸಿಕೊಳ್ಳಬೇಕು. ಆದುದರಿಂದ ಬಟ್ಟಲು ಎಷ್ಟು ದೊಡ್ಡದಾಗಬಹುದೆಂಬುದನ್ನು ಮರದ ದಪ್ಪವೇ ಗೊತ್ತುಮಾಡುತ್ತದೆ. ಹಾಗಾದರೆ ಸಣ್ಣ ಮರದಿಂದ ದೊಡ್ಡ ಬಟ್ಟಲನ್ನು ಮಾಡಲು ಸಾಧ್ಯವೇ ಇಲ್ಲವೆ? ಉಂಟು. ಆ ದಾರಿಯನ್ನು ಹಿಡಿದು ಎರಡು ಸಲ ಕೆಟ್ಟು, ಆಮೇಲೆ ಕಲಿತ ನಾನು, ಕಲಿತುದನ್ನು ನನ್ನ ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದೆ ಅರಿಕೆಮಾಡಿಕೊಳ್ಳುವೆನು.

ನನ್ನ ಸೋದರಮಾವನವರು ಚನ್ನಪಟ್ಟಣದಲ್ಲಿ ಕಡಸಲಿನ ಕೆಲಸ ಮಾಡುವವರು. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವ ಈ ಊರು ಅರಗಿನ ಬಣ್ಣದ ಆಟದ ಸಾಮಾನುಗಳಿಗೆ ಹೆಸರಾದುದು. ಅಲ್ಲಿ ಹಿಂದಿನಿಂದಲೂ ಬಳಸುತ್ತ ಬಂದಿರುವುದು ಆಲೆ ಮರ. ಇದನ್ನು ಹಾಲೆ ಎಂದೂ ಕರೆಯುವರು. ಎಲೆ ಕಿತ್ತರೆ ಹಾಲು ಒಸರುವ ಈ ಮರಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರು ರೈಟಿಯಾ ಟಿಂಕ್ಟೋರಿಯ. ಇದರ ತಿರುಳು ಬಿಳುಪು, ಎಳೆ ನಯ, ಉಳಿಗೆ ಹದವಾದುದು. ಆದರೆ ಮರ ಚಿಕ್ಕದು. ಬುಗುರಿ, ಗಿಲಕಿ, ಕುಂಕುಮದ ಭರಣಿಗಳಿಗೆ ಅದರ ಕೊಂಬೆಯೇ ಸಾಕು; ಹಣ್ಣು ತುಂಬಿಡುವ ಬಟ್ಟಲಿಗೆ ಅದರ ಬೊಡ್ಡೆಯೂ ಸಾಲದು.

ನಾನು ಪ್ರಥಮ ಬಿ.ಎ. ತರಗತಿಯಲ್ಲಿದ್ದಾಗ ಬೆಂಗಳೂರಿನ ಅಂಗಡಿಯವರೊಬ್ಬರು ಮಾವನ ಬಳಿಗೆ ಬಂದು, 20 ಸೆಂಟಿಮೀಟರು ಅಗಲದ ಬಟ್ಟಲು ಬೇಕು, ಆಲೆ ಮರದ್ದೇ ಆಗಬೇಕು ಎಂದರು. ಮೊದಲನೆಯದು ಒಪ್ಪಿಗೆಯಾದರೆ ಇನ್ನೂ ಹನ್ನೆರಡನ್ನು ಕೊಳ್ಳುವುದಾಗಿಯೂ ಹೇಳಿದರು. ಆ ವರ್ಷ ಮಾವನಿಗೆ ಕೆಲಸ ಕಡಿಮೆಯಿತ್ತು. ಆದರೂ ಅವರು ತಲೆಯಾಡಿಸಿ, “ಅಷ್ಟು ದಪ್ಪದ ಮರ ಎಲ್ಲಿಂದ ತರಲಿ ಸ್ವಾಮಿ?” ಎಂದುಬಿಟ್ಟರು. ಅಂಗಳದ ಮೂಲೆಯಲ್ಲಿ ಕಡೆದು ಉಳಿದ ಮೋಟು ತುಂಡುಗಳು ರಾಶಿ ಬಿದ್ದಿದ್ದವು. ಅವು ಸ್ನಾನದ ಒಲೆಗೆ ಹೋಗತಕ್ಕವು. ಆ ರಾಶಿಯನ್ನು ನೋಡಿದಾಗ ನನಗೆ ಎತ್ತಿನ ಗಾಡಿಯ ಚಕ್ರ ನೆನಪಾಯಿತು. ಗಾಡಿಯ ಚಕ್ರದ ಸುತ್ತುಮರವನ್ನು ಯಾರೂ ಒಂದೇ ಮರದಿಂದ ಕೆತ್ತುವುದಿಲ್ಲ; ಬಾಗಿದ ಹಲವು ತುಂಡುಗಳನ್ನು ಕೂಡಿಸಿ, ಹೊರಗೆ ಕಾಯಿಸಿದ ಕಬ್ಬಿಣದ ಹಳಿಯನ್ನು ತೊಡಿಸುತ್ತಾರೆ. ಚಕ್ರಕ್ಕೆ ಆಗುವುದಾದರೆ ಬಟ್ಟಲಿಗೇಕೆ ಆಗದು?

ಇದೇನೂ ನನ್ನ ಹೊಸ ಶೋಧವಲ್ಲ. ತುಂಡುಗಳನ್ನು ಬಳೆಯಾಗಿ ಅಂಟಿಸಿ, ಬಳೆಯ ಮೇಲೆ ಬಳೆಯನ್ನು ಪೇರಿಸಿ, ಅನಂತರ ಕಡೆಯುವ ಈ ವಿದ್ಯೆ ಅಮೆರಿಕದಲ್ಲಿ ಬಹಳ ಬೆಳೆದಿದೆ. 1986ರಲ್ಲಿ ಅಲ್ಲಿ ಮರ ಕಡೆಯುವವರದೇ ಒಂದು ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಸಾವಿರಕ್ಕೂ ಮಿಕ್ಕ ತುಂಡುಗಳಿಂದ ಹೂಜಿಗಳನ್ನು ಮಾಡುವವರೂ ಅಲ್ಲಿದ್ದಾರೆ. ನಮ್ಮದು ಅರುವತ್ತು ತುಂಡುಗಳ ಸಾಹಸ ಮಾತ್ರ.

ಈಗ ಲೆಕ್ಕಕ್ಕೆ ಬರೋಣ. ಕಲಾವಿಭಾಗದ ಮಿತ್ರರು ಹೆದರಬೇಕಾಗಿಲ್ಲ. ಪ್ರೌಢಶಾಲೆಯ ರೇಖಾಗಣಿತವೇ ಸಾಕು. ಒಂದು ಸುತ್ತಿಗೆ 360 ಡಿಗ್ರಿ. ಬಳೆಗೆ 12 ತುಂಡುಗಳಾದರೆ ಪ್ರತಿಯೊಂದರ ಪಾಲಿಗೆ 30 ಡಿಗ್ರಿ. ತುಂಡಿಗೆ ಎರಡು ತುದಿಗಳಿರುವುದರಿಂದ ಪ್ರತಿ ತುದಿಯನ್ನೂ 15 ಡಿಗ್ರಿ ಓರೆಯಾಗಿ ಕೊಯ್ಯಬೇಕು. ಸೂತ್ರ ಇಷ್ಟೇ: 180ನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸಿದರೆ ಕೊಯ್ಯುವ ಕೋನ ಬರುತ್ತದೆ. 20 ಸೆಂಟಿಮೀಟರು ಅಗಲದ ಬಳೆಗೆ ಪ್ರತಿ ತುಂಡಿನ ಹೊರ ಅಂಚು 53.6 ಮಿಲಿಮೀಟರು ಇರತಕ್ಕದ್ದು. ಗೋಡೆಗೆ 2 ಸೆಂಟಿಮೀಟರು ದಪ್ಪ ಉಳಿಯಬೇಕಾದರೆ ತುಂಡಿನ ಅಗಲ ಸುಮಾರು 23 ಮಿಲಿಮೀಟರು ಬೇಕು. ವಾಚಕರು ಗಮನಿಸಬೇಕು: ಆರು ಸೆಂಟಿಮೀಟರು ಉದ್ದದ ಮೋಟು ತುಂಡು ಇಲ್ಲಿ ಉಪಯೋಗಕ್ಕೆ ಬಂತು. ಒಲೆಗೆ ಹೋಗುತ್ತಿದ್ದುದು ಅದೇ ತಾನೆ?

ಬಟ್ಟಲು ಮೇಲೆ ಅಗಲ, ಕೆಳಗೆ ಕಿರಿದು. ಆದುದರಿಂದ ಎಲ್ಲ ಬಳೆಗಳೂ ಒಂದೇ ಅಳತೆಯವಾಗಿರಲಾರವು. ಮೊದಲು ಬಟ್ಟಲಿನ ಅರ್ಧ ಆಕಾರವನ್ನು ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಬರೆದು, ಬಳೆಯ ದಪ್ಪಕ್ಕೆ ಸರಿಯಾಗಿ ಅಡ್ಡಗೆರೆಗಳನ್ನು ಎಳೆಯಬೇಕು. ನಾವು 18 ಮಿಲಿಮೀಟರಿಗೊಂದು ಗೆರೆ ಎಳೆದೆವು. ಪ್ರತಿ ಎರಡು ಗೆರೆಗಳ ನಡುವೆ ಬಟ್ಟಲಿನ ಗೋಡೆ ಎಲ್ಲಿಂದ ಎಲ್ಲಿಯವರೆಗೆ ಹರಡಿದೆಯೆಂದು ಅಳೆದರೆ ಆ ಬಳೆಯ ಒಳಗಿನ ಹೊರಗಿನ ಅಳತೆಗಳು ದೊರೆಯುತ್ತವೆ. ಐದು ಬಳೆಗಳಿಗೆ ಬಟ್ಟಲಿನ ಎತ್ತರ 9 ಸೆಂಟಿಮೀಟರಾಯಿತು.

ಮೊದಲ ಸೋಲು ಮೊದಲ ಬಳೆಯಲ್ಲಿಯೇ ಆಯಿತು. ಮರದ ಒಂದು ಪೆಟ್ಟಿಗೆಗೆ 15 ಡಿಗ್ರಿಯ ಸೀಳು ಮಾಡಿಕೊಂಡು, ಅದರಲ್ಲಿ ಗರಗಸವನ್ನು ಆಡಿಸಿ ಹನ್ನೆರಡು ತುಂಡುಗಳನ್ನು ಕೊಯ್ದೆನು. ಎರಡೆರಡಾಗಿ ಜೋಡಿಸಿ ನೋಡಿದಾಗ ಕೂದಲು ತೂರುವಷ್ಟೂ ಸಂದಿರಲಿಲ್ಲ. ಹನ್ನೆರಡನ್ನೂ ಸುತ್ತ ಇಟ್ಟಾಗ ಕೊನೆಯಲ್ಲಿ ಬೆರಳು ಹೋಗುವಷ್ಟು ಬಿರುಕು! ಮಾವ ನಕ್ಕು, “ನಿನ್ನ ಬಳೆ ಬಾಯಿ ಬಿಟ್ಟಿತಲ್ಲಪ್ಪಾ!” ಎಂದರು. ಕಾರಣವನ್ನು ಹುಡುಕುತ್ತ ಕುಳಿತೆನು. ಪೆಟ್ಟಿಗೆಯ ಸೀಳು ಕಾಲು ಡಿಗ್ರಿ ತಪ್ಪಿತ್ತು. ಹನ್ನೆರಡು ತುಂಡುಗಳಿಗೆ ಇಪ್ಪತ್ತನಾಲ್ಕು ಮುಖಗಳು. ತಪ್ಪೆಲ್ಲ ಒಂದೇ ಕಡೆಗೆ ಬಿದ್ದುದರಿಂದ ಕೂಡಿಸಿದರೆ ಆರು ಡಿಗ್ರಿ. ಹೊರ ಅಂಚಿನಲ್ಲಿ ಅದು ಒಂದು ಸೆಂಟಿಮೀಟರಿಗೂ ಮಿಕ್ಕಿತು. ಒಂದೊಂದರಲ್ಲಿ ಕಣ್ಣಿಗೆ ಕಾಣದ ತಪ್ಪು ಸುತ್ತು ಮುಗಿಯುವಾಗ ಹೀಗೆ ಎದುರಿಗೆ ಬಂದು ನಿಲ್ಲುತ್ತದೆ.

ಇದಕ್ಕೆ ಪರಿಹಾರವೇನು? ತಪ್ಪೇ ಇಲ್ಲದಂತೆ ಕೊಯ್ಯುತ್ತೇನೆಂದು ಹಟ ಹಿಡಿಯುವುದಲ್ಲ. ಕೈಯ ಕೆಲಸದಲ್ಲಿ ಅದು ಆಗದ ಮಾತು. ಆರಾರು ತುಂಡುಗಳನ್ನು ಅಂಟಿಸಿ ಮೊದಲು ಎರಡು ಅರ್ಧ ಬಳೆಗಳನ್ನು ಮಾಡಿಕೊಳ್ಳಬೇಕು. ಅರ್ಧ ಬಳೆಯ ಎರಡು ತುದಿಗಳೂ ಒಂದೇ ಗೆರೆಯ ಮೇಲೆ ಕುಳಿತುಕೊಳ್ಳಬೇಕಾದುದು ನ್ಯಾಯ. ತಪ್ಪಿದ್ದರೆ ಅಲ್ಲಿ ತಿಳಿಯುತ್ತದೆ. ಸಮತಟ್ಟಾದ ಗಾಜಿನ ಮೇಲೆ ಉಪ್ಪುಕಾಗದವನ್ನು ಅಂಟಿಸಿ, ಎರಡು ತುದಿಗಳನ್ನೂ ಒಟ್ಟಿಗೆ ಅದರ ಮೇಲೆ ಉಜ್ಜಬೇಕು. ಎರಡೂ ಪೂರ್ತಿಯಾಗಿ ಗಾಜಿಗೆ ತಾಗಿದಾಗ ಆ ಅರ್ಧ ಸರಿಯಾಗಿ 180 ಡಿಗ್ರಿಗೆ ಬಂದಿರುತ್ತದೆ. ಎರಡು ಅರ್ಧಗಳನ್ನು ಕೂಡಿಸಿದರೆ ಬಳೆ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಅಂಡಾಕಾರವಾಗಿದ್ದರೆ ಕಡೆಯುವಾಗ ಹೋಗುತ್ತದೆ. ಇಪ್ಪತ್ತನಾಲ್ಕು ಕಡೆ ಹರಡಿದ್ದ ತಪ್ಪನ್ನು ಕೈಗೆ ಸಿಕ್ಕುವ ಒಂದು ಕಡೆಗೆ ತಂದು ತಿದ್ದುವುದೇ ಇಲ್ಲಿಯ ಉಪಾಯ. ಅಂಟು ಒಣಗುವವರೆಗೆ ಬಳೆಯನ್ನು ಬಿಗಿಯಲು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಸುತ್ತಿದೆವು. ಗಾಡಿಯ ಚಕ್ರಕ್ಕೆ ಹಳಿ ಮಾಡುವ ಕೆಲಸವನ್ನು ನಮಗೆ ಅದು ಮಾಡಿತು.

ಬಳೆಗಳನ್ನು ಪೇರಿಸುವಾಗ ಇಟ್ಟಿಗೆಯ ಗೋಡೆಯನ್ನು ನೆನೆಯಬೇಕು. ತುಂಡಿನ ತುದಿಗೆ ತುದಿಯನ್ನು ಅಂಟಿಸಿದ ಬೆಸುಗೆ ಬಲವಾದುದಲ್ಲ. ಅಲ್ಲಿ ಮರದ ಎಳೆಗಳ ಬಾಯಿ ತೆರೆದಿದ್ದು ಅಂಟನ್ನು ಹೀರಿಬಿಡುತ್ತವೆ. ಆದುದರಿಂದ ಕೆಳಗಿನ ಬಳೆಯ ಬೆಸುಗೆಯ ಮೇಲೆ ಮೇಲಿನ ಬಳೆಯ ತುಂಡಿನ ನಡುಭಾಗ ಬರುವಂತೆ ಇಡತಕ್ಕದ್ದು. ಆಗ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒಂದು ಹಗಲು ಒಂದು ರಾತ್ರಿ ಒಣಗಲು ಬಿಟ್ಟು, ಆಮೇಲೆ ಕಡಸಲಿಗೆ ಏರಿಸಬೇಕು. ಮಾವ ನನ್ನನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿ, “ತಿರುಗೋದರ ನೇರಕ್ಕೆ ನಿಲ್ಲಬೇಡ. ಅಂಟು ಬಿಟ್ಟರೆ ತುಂಡು ನಿನ್ನ ಹೆಸರು ಕೇಳಿ ಬರೋದಿಲ್ಲ” ಎಂದರು. ಅವರ ಮಾತು ಉತ್ಪ್ರೇಕ್ಷೆಯಲ್ಲ. ನಿಮಿಷಕ್ಕೆ 600 ಸುತ್ತು ತಿರುಗುವ 20 ಸೆಂಟಿಮೀಟರು ಬಟ್ಟಲಿನ ಅಂಚು ಗಂಟೆಗೆ 22 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ.

ಮಳೆಗಾಲದಲ್ಲಿ ಮೊದಲ ಬಟ್ಟಲು ಸಿದ್ಧವಾಯಿತು. ತಳಕ್ಕೆ 15 ಸೆಂಟಿಮೀಟರು ಅಗಲದ ಹಲಗೆಯ ಬಿಲ್ಲೆಯನ್ನು ಬೇರೆ ಮರದಿಂದ ಕೊಯ್ದು, ಕೆಳಗಿನ ಬಳೆಗೆ ಸುತ್ತಲೂ ಬಿಗಿಯಾಗಿ ಅಂಟಿಸಿದ್ದೆವು. ಅಂಗಡಿಯವರು ಮೆಚ್ಚಿ ಹಣ ಕೊಟ್ಟು ಕೊಂಡುಹೋದರು. ಮಾವ ಹನ್ನೆರಡು ಬಟ್ಟಲುಗಳ ಲೆಕ್ಕವನ್ನು ಹಾಕತೊಡಗಿದರು. ಮಾಘ ಮಾಸದಲ್ಲಿ ಆ ಬಟ್ಟಲು ಹಿಂದಕ್ಕೆ ಬಂತು. ತಳದ ಉದ್ದಕ್ಕೂ ಒಂದು ಬಿರುಕು. ದೀಪಕ್ಕೆ ಹಿಡಿದರೆ ಬೆಳಕು ಕಾಣುತ್ತಿತ್ತು. ಮಾವ ಏನೂ ಹೇಳದೆ ಒಳಗೆ ಹೋಗಿ ಹಣವನ್ನು ತಂದು ಎಣಿಸಿ ಕೊಟ್ಟರು. ಅವರು ಹೋದ ಮೇಲೆ ನನ್ನನ್ನು ಕರೆದು, “ನಿನ್ನ ಲೆಕ್ಕ ತಪ್ಪಲಿಲ್ಲ ಮಗಾ. ಆ ಲೆಕ್ಕದಲ್ಲಿ ಮರ ಎಲ್ಲಿತ್ತು?” ಎಂದು ಕೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನ್ನ ಪಾಲಿಗೆ ನಿಜವಾಯಿತು.

ಮರ ಕಡಿದ ಮೇಲೂ ಉಸಿರಾಡುತ್ತದೆಂದು ಬಡಗಿಗಳು ಹೇಳುವುದುಂಟು. ಅದರ ಅರ್ಥವಿಷ್ಟು: ಗಾಳಿಯಲ್ಲಿ ತೇವ ಹೆಚ್ಚಾದರೆ ಮರ ಹೀರಿ ಉಬ್ಬುತ್ತದೆ, ಒಣ ಹವೆಯಲ್ಲಿ ಬಿಟ್ಟು ಕುಗ್ಗುತ್ತದೆ. ಆದರೆ ಎಲ್ಲ ಕಡೆಗೂ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಅದು ಕುಗ್ಗುವುದು ಇಲ್ಲವೆನ್ನುವಷ್ಟು ಅಲ್ಪ. ಎಳೆಗೆ ಅಡ್ಡಲಾಗಿ ಬಹಳ. ಅಡ್ಡದಲ್ಲಿಯೂ, ಮರದ ವರ್ಷಬಳೆಗಳ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗು ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗಿನ ಸುಮಾರು ಎರಡರಷ್ಟು. ಇಡೀ ದಿಮ್ಮಿ ಒಣಗುವಾಗ ನಡುವಿನಿಂದ ಸೀಳುವುದು ಇದರಿಂದಲೇ. ತುಂಡುಗಳ ಬಳೆಯಲ್ಲಾದರೆ ಎಳೆಗಳು ವೃತ್ತದ ಸುತ್ತಲೂ ಉದ್ದುದ್ದವಾಗಿ ಸಾಗುತ್ತವೆ; ಹೀಗಾಗಿ ಬಳೆಯ ಸುತ್ತಳತೆ ಋತು ಬದಲಾದರೂ ಹೆಚ್ಚುಕಡಿಮೆ ಆಗುವುದಿಲ್ಲ. ಇದು ಈ ವಿಧಾನದ ದೊಡ್ಡ ಗುಣ. ಆದರೆ ತಳದ ಹಲಗೆ ಹಾಗಲ್ಲ. ಅದು ಅಡ್ಡಕ್ಕೆ ನೂರಕ್ಕೆ ಒಂದರಷ್ಟು ಕುಗ್ಗಿದರೂ 15 ಸೆಂಟಿಮೀಟರಿಗೆ ಒಂದೂವರೆ ಮಿಲಿಮೀಟರಾಯಿತು. ಹಲಗೆ ಕುಗ್ಗಬೇಕೆನ್ನುತ್ತದೆ, ಬಳೆ ಬಿಡುವುದಿಲ್ಲ. ಕೊನೆಗೆ ಹಲಗೆ ಸೀಳುತ್ತದೆ. ಬಳೆಯ ಗುಣವೇ ತಳಕ್ಕೆ ಶತ್ರುವಾಯಿತು.

ಪರಿಹಾರವನ್ನು ತೋರಿಸಿದವರು ಮಾವನವರೇ. ಮನೆಯ ಹಳೆಯ ಬಾಗಿಲಿನ ಮೇಲೆ ಕೈಯಿಟ್ಟು, “ಇದರ ಹಲಗೆಗೆ ಅಂಟು ಹಾಕಿದಾರಾ ನೋಡು” ಎಂದರು. ಇರಲಿಲ್ಲ. ಚೌಕಟ್ಟಿನಲ್ಲಿ ಕೊರೆದ ಕಾಲುವೆಯೊಳಗೆ ಹಲಗೆ ಸುಮ್ಮನೆ ಕುಳಿತಿತ್ತು. ಉಬ್ಬಲು ಕುಗ್ಗಲು ಅದಕ್ಕೆ ಜಾಗವಿತ್ತು. ಎರಡನೆಯ ಬಟ್ಟಲಿಗೂ ಹಾಗೆಯೇ ಮಾಡಿದೆವು. ಕೆಳಗಿನ ಎರಡು ಬಳೆಗಳ ನಡುವೆ ಕಾಲುವೆ ಕೊರೆದು, ಅಂಚನ್ನು ತೆಳುವಾಗಿಸಿದ ತಳದ ಬಿಲ್ಲೆಯನ್ನು ಅಂಟಿಲ್ಲದೆ ಅದರಲ್ಲಿ ಕೂರಿಸಿ, ಸುತ್ತಲೂ ಒಂದೂವರೆ ಮಿಲಿಮೀಟರು ಬಿಡುವು ಬಿಟ್ಟೆವು. ಬಟ್ಟಲನ್ನು ಅಲುಗಾಡಿಸಿದರೆ ಬಿಲ್ಲೆ ಸಣ್ಣಗೆ ಸದ್ದು ಮಾಡುತ್ತದೆ. ಅದು ದೋಷವಲ್ಲವೆಂದು ಕೊಳ್ಳುವವರಿಗೆ ಹೇಳಬೇಕಾಗುತ್ತದೆ.

ಕೊನೆಯದಾಗಿ ಅರಗು. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ. ಅನಂತರ ತಾಳೆಗರಿಯಿಂದ ಹೊಳಪು ಕೊಡುತ್ತಾರೆ. ಆದರೆ ಈಗಿನ ಬಿಳಿಯ ಅಂಟು ಬಿಸಿಗೆ ಮೆತ್ತಗಾಗುವ ಸ್ವಭಾವದ್ದು. ಆದುದರಿಂದ ಒಂದೇ ಕಡೆ ಒತ್ತಿ ಹಿಡಿಯದೆ ಹಗುರವಾಗಿ ಆಡಿಸಬೇಕು. ಇದೇ ಕಾರಣಕ್ಕೆ ಇಂಥ ಬಟ್ಟಲಿನಲ್ಲಿ ಹಣ್ಣಿಡಬಹುದೇ ಹೊರತು ಬಿಸಿ ಸಾರನ್ನು ಹಾಕಬಾರದು. ಬೆಸುಗೆಗಳು ಕಾಣದಂತೆ ಕೆಂಪು ಬಣ್ಣ ಹಚ್ಚಿಬಿಡೋಣವೆಂದು ನಾನು ಹೇಳಿದೆನು. ಮಾವ ಒಪ್ಪಲಿಲ್ಲ, ಬಣ್ಣವಿಲ್ಲದ ಅರಗನ್ನೇ ಹಚ್ಚಿ, “ತುಂಡು ಅಂತ ಗೊತ್ತಾಗಲಿ ಬಿಡು. ಒಲೆಗೆ ಹಾಕೋರು ನೋಡಲಿ” ಎಂದರು.

ಆ ಬಟ್ಟಲು ಒಂದು ಮಳೆಗಾಲ, ಒಂದು ಚಳಿಗಾಲವನ್ನು ಕಳೆದು ಈಗ ಬೇಸಿಗೆಯಲ್ಲಿದೆ. ತಿಂಗಳಿಗೊಮ್ಮೆ ಮಾವ ಅದನ್ನು ದೀಪಕ್ಕೆ ಹಿಡಿದು ನೋಡುತ್ತಾರೆ, ಬೆಳಕು ತೂರಿಲ್ಲ. ಅಂಗಡಿಯವರು ಮತ್ತೆ ಬಂದಿದ್ದರು. ಹನ್ನೆರಡನ್ನಲ್ಲ, ಸದ್ಯಕ್ಕೆ ನಾಲ್ಕನ್ನು ಕೇಳಿದ್ದಾರೆ. ಮೋಟು ತುಂಡುಗಳ ರಾಶಿ ಈಗ ಒಲೆಯ ಬಳಿ ಇಲ್ಲ. ಅಳತೆಗೆ ತಕ್ಕಂತೆ ವಿಂಗಡವಾಗಿ ಅಟ್ಟದ ಮೇಲಿದೆ. ಸ್ನಾನದ ನೀರಿಗೆ ಸೌದೆ ಸಾಲದೆಂದು ಅತ್ತೆ ಮಾತ್ರ ದಿನವೂ ನನ್ನನ್ನು ಬೈಯುತ್ತಿದ್ದಾರೆ.