ಹೃದಯಾಘಾತದ ಬಳಿಕ ಎರಡನೆಯ ಸ್ಟೆಂಟ್: ದಿನ ಮುಂದೂಡಬೇಡಿ



ಅಡಿಕೆಗೆ ಮಹಾಳಿ ಬಾರದಂತೆ ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಬಿಡುತ್ತೇವೆ. 40–45 ದಿನಗಳಲ್ಲಿ ಎರಡನೆಯ ಸಲ ಬಿಡುತ್ತೇವೆ. ಕಾಯಿ ಚೆನ್ನಾಗಿದೆಯಲ್ಲ ಎಂದು ಯಾರೂ ಎರಡನೆಯ ಮದ್ದನ್ನು ಬಿಟ್ಟುಬಿಡುವುದಿಲ್ಲ. ಆದರೆ ಹೃದಯಾಘಾತವಾಗಿ ಆಸ್ಪತ್ರೆಯಿಂದ ಮರಳಿದವರು ಹಾಗಲ್ಲ. "ಇನ್ನೊಂದು ಬ್ಲಾಕ್ ಉಳಿದಿದೆ, ಮುಂದಿನ ತಿಂಗಳು ಬನ್ನಿ" ಎಂದು ವೈದ್ಯರು ಹೇಳಿದ್ದರೂ, ಕೊಯ್ಲು ಮುಗಿಯಲಿ, ಮನೆಯ ಮದುವೆ ಕಳೆಯಲಿ ಎಂದು ಮುಂದೂಡುವುದುಂಟು. ನೋವಿಲ್ಲವಲ್ಲ ಎಂಬುದೇ ಅವರ ಧೈರ್ಯ. ಈ ಧೈರ್ಯ ಏಕೆ ಸಲ್ಲದು ಎಂಬುದನ್ನು ತಿಳಿಯೋಣ.

ಮೊದಲ ದಿನ ಏನು ಮಾಡುತ್ತಾರೆ?

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಧಮನಿಯೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿದಾಗ ಹೃದಯಾಘಾತವಾಗುತ್ತದೆ. ಕೈಯ ಮಣಿಕಟ್ಟು ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ಬಲೂನಿನಿಂದ ಆ ಧಮನಿಯನ್ನು ಬಿಡಿಸಿ, ಸ್ಟೆಂಟ್ ಎಂಬ ಲೋಹದ ಜಾಳಿಗೆಯನ್ನು ಇಡುತ್ತಾರೆ. ಇದೇ ಆ್ಯಂಜಿಯೋಪ್ಲಾಸ್ಟಿ. ಹೃದಯದ ಧಮನಿಯನ್ನು ಬಲೂನಿನಿಂದ ಬಿಡಿಸುವುದನ್ನು ಮೊದಲು ಮಾಡಿದವರು ಆಂಡ್ರಿಯಾಸ್ ಗ್ರುಂಟ್ಜಿಗ್, 1977ರಲ್ಲಿ, ಜ್ಯೂರಿಕ್ ನಗರದಲ್ಲಿ. ಮುಚ್ಚಿದ ಧಮನಿ ತೆರೆಯುವ ಈ ಕೆಲಸಕ್ಕೆ ಒಂದೊಂದು ನಿಮಿಷವೂ ಮುಖ್ಯ. ಆದರೆ ಅನೇಕರಲ್ಲಿ ಬೇರೆ ಧಮನಿಗಳೂ ಕಿರಿದಾಗಿರುವುದು ಆಗಲೇ ಕಾಣುತ್ತದೆ.

ಎಲ್ಲವನ್ನೂ ಒಮ್ಮೆಗೇ ಏಕೆ ತೆರೆಯುವುದಿಲ್ಲ?

ಚಿಕಿತ್ಸೆ ಉದ್ದವಾದಷ್ಟೂ ಹೆಚ್ಚು ಬಣ್ಣದ್ರವ ಬೇಕಾಗುತ್ತದೆ. ಇದು ಮೂತ್ರಪಿಂಡಕ್ಕೆ ಭಾರ. ರಕ್ತದೊತ್ತಡ ಕುಸಿದು ಹೃದಯ ತೀರಾ ಸೋತಿದ್ದರೆ ಆಘಾತಕ್ಕೆ ಕಾರಣವಾದ ಧಮನಿಯನ್ನು ಮಾತ್ರ ತೆರೆಯುವುದೇ ಕ್ಷೇಮವೆಂದು 2017ರ ಅಧ್ಯಯನವೊಂದು ತೋರಿಸಿತು. ರೋಗಿ ಸುಧಾರಿಸಿದ್ದರೆ ಉಳಿದುದನ್ನೂ ಅಂದೇ ಮಾಡಬಹುದೆಂದು 2023ರಲ್ಲಿ ಪ್ರಕಟವಾದ ಅಧ್ಯಯನಗಳು ಹೇಳಿವೆ. ಅಂದೇ ಮಾಡುವುದೋ, ಬಳಿಕವೋ ಎಂಬುದು ವೈದ್ಯರ ತೀರ್ಮಾನ.

ಬಳಿಕ ಎಂದರೆ ಎಷ್ಟು ದಿನ?

ಸುಮಾರು 45 ದಿನಗಳೊಳಗೆ. 2019ರಲ್ಲಿ ಪ್ರಕಟವಾದ ಕಂಪ್ಲೀಟ್ ಎಂಬ ಅಧ್ಯಯನದಲ್ಲಿ 4,041 ರೋಗಿಗಳಿದ್ದರು. ಅರ್ಧ ಮಂದಿಗೆ ಉಳಿದ ಬ್ಲಾಕುಗಳಿಗೂ ಈ ಅವಧಿಯೊಳಗೆ ಸ್ಟೆಂಟ್ ಹಾಕಲಾಯಿತು. ಉಳಿದವರಿಗೆ ಔಷಧ ಮಾತ್ರ. ಸುಮಾರು ಮೂರು ವರ್ಷಗಳಲ್ಲಿ ಮತ್ತೆ ಹೃದಯಾಘಾತ ಅಥವಾ ಹೃದಯ ಸಂಬಂಧಿ ಸಾವು ಔಷಧ ಮಾತ್ರ ಪಡೆದವರಲ್ಲಿ ಶೇ. 10.5, ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 7.8. ಆಸ್ಪತ್ರೆ ಬಿಡುವ ಮೊದಲೇ ಮಾಡಿದರೂ, ಮನೆಗೆ ಹೋಗಿ ಕೆಲವು ವಾರಗಳಲ್ಲಿ ಬಂದು ಮಾಡಿಸಿಕೊಂಡರೂ ಪ್ರಯೋಜನ ಒಂದೇ ತೆರನಾಗಿತ್ತು. ಹೀಗಾಗಿ ವೈದ್ಯರು ಒಂದು ತಿಂಗಳ ದಿನ ಕೊಟ್ಟರೆ ಅದು ಅಸಡ್ಡೆಯಲ್ಲ. ಆ ದಿನವನ್ನು ನಾವು ಆರು ತಿಂಗಳಿಗೆ ಎಳೆಯುವುದೇ ತಪ್ಪು.

ಹಾಗೆಂದು ಕಂಡ ಬ್ಲಾಕಿಗೆಲ್ಲ ಸ್ಟೆಂಟ್ ಬೇಕೆಂದಿಲ್ಲ. ಅಲ್ಪ ಪ್ರಮಾಣದ ಬ್ಲಾಕಿಗೆ ಔಷಧವೇ ಸಾಕು. ಮೂರೂ ಧಮನಿಗಳು ಹೆಚ್ಚು ಕೆಟ್ಟಿದ್ದರೆ ಬೈಪಾಸ್ ಶಸ್ತ್ರಚಿಕಿತ್ಸೆ ಉತ್ತಮವಾಗಬಹುದು.

ಮನೆಯವರು ಗಮನಿಸಬೇಕಾದುದು

1. ಆಸ್ಪತ್ರೆ ಬಿಡುವಾಗ ಮೂರು ಪ್ರಶ್ನೆ ಕೇಳಿ: ಇನ್ನೆಷ್ಟು ಬ್ಲಾಕ್ ಇದೆ? ಅದಕ್ಕೆ ಏನು ಮಾಡಬೇಕು? ಯಾವ ದಿನ ಬರಬೇಕು? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

2. ಆ್ಯಂಜಿಯೋಗ್ರಾಂ ವರದಿ ಮತ್ತು ಸಿ.ಡಿ. ಜೋಪಾನವಾಗಿಡಿ.

3. ಗಡಿ ದಾಟಿ ಮಂಗಳೂರಿಗೆ ಹೋಗುವವರು ತಮ್ಮ ವಿಮೆಯ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಹಣ ಹೊಂದಿಸಲು ಸಮಯ ಸಿಗುತ್ತದೆ.

4. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು. ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವುದಿದ್ದರೂ ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

5. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದರೆ ಎರಡನೆಯ ಚಿಕಿತ್ಸೆಗೆ ಮೊದಲೇ ತಿಳಿಸಿ.

6. ವೈದ್ಯರು ಒಪ್ಪುವ ತನಕ ಮರ ಹತ್ತುವುದು, ಗೋಣಿ ಹೊರುವುದು ಕೂಡದು. ಬೀಡಿ, ಸಿಗರೇಟು ಮತ್ತೆ ಬೇಡ.

7. ಎದೆನೋವು, ಉಬ್ಬಸ, ತಣ್ಣನೆಯ ಬೆವರು ಮತ್ತೆ ಕಂಡರೆ ಕೊಟ್ಟ ದಿನಕ್ಕಾಗಿ ಕಾಯಬೇಡಿ. ತಕ್ಷಣ ಹೊರಡಿ.

ನೋವು ನಿಂತಿತೆಂದರೆ ಒಂದು ಧಮನಿ ತೆರೆದಿದೆ ಎಂದಷ್ಟೇ ಅರ್ಥ. ಉಳಿದುದರ ಸುದ್ದಿಯನ್ನು ವರದಿ ಹೇಳುತ್ತದೆ, ನೋವು ಹೇಳುವುದಿಲ್ಲ. ಕೊಯ್ಲಿಗೆ ಆಳು ಸಿಗಬಹುದು. ಕೊಟ್ಟ ದಿನ ಆಸ್ಪತ್ರೆಗೆ ಮಾತ್ರ ನಾವೇ ಹೋಗಬೇಕು.