ಆಟಿಯಲ್ಲಿ ಮಲಗುವ ಗಿಡ

ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ ಮಣಿಪಾಲದ ತಾಯಿಯೊಬ್ಬರು ಮಗಳ ಪುಟ್ಟ ಕುಂಡ ತಂದು ನನ್ನ ಮುಂದಿಟ್ಟರು. ಅದರಲ್ಲಿದ್ದದ್ದು ಕೊನೊಫೈಟಮ್. ಕಡಲೆಕಾಳಿಗಿಂತ ಕೊಂಚ ದೊಡ್ಡದು, ನಡುವೆ ಸಣ್ಣ ಸೀಳು. ಬೆರಳಿಟ್ಟರೆ ಕೊಳೆತ ದ್ರಾಕ್ಷಿಯ ಹಾಗೆ ಕುಸಿಯಿತು. "ಸುಕ್ಕಾಗಿತ್ತು ಅಂತ ದಿನಾ ನೀರು ಹಾಕಿದ್ದಾಳೆ ಸರ್" ಎಂದರು. ಮಗುವನ್ನು ಗದರಬೇಡಿ ಎಂದೆ. ಬಾಡಿದ್ದಕ್ಕೆ ನೀರು ಹಾಕು ಎಂದು ತುಳಸಿಕಟ್ಟೆಯ ಬಳಿ ಕಲಿಸಿದವರು ನಾವೇ ತಾನೆ?

ಈ ಗಿಡದ ತವರು ದಕ್ಷಿಣ ಆಫ್ರಿಕಾದ ನಮಾಕ್ವಾಲ್ಯಾಂಡ್. ಅಲ್ಲಿ ಬಹುಪಾಲು ಕಡೆ ವರ್ಷದ ಮಳೆ 250 ಮಿ.ಮೀ. ದಾಟದು, ಉಡುಪಿಯಲ್ಲಿ ಸುಮಾರು 4,000. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್. ಹಾಗಾದರೆ ನಮ್ಮ ಆಟಿಯ ಮಳೆ ಅದಕ್ಕೆ ಹಿತವಲ್ಲವೇ? ಇಲ್ಲ. ಗಿಡ ಪಂಚಾಂಗ ನೋಡುವುದಿಲ್ಲ. ಹಗಲಿನ ಉದ್ದ, ರಾತ್ರಿಯ ತಂಪು ನೋಡುತ್ತದೆ. ಜೂನ್‌ನಲ್ಲಿ ನಮ್ಮ ಹಗಲು ದೀರ್ಘ, ರಾತ್ರಿ ಬೆಚ್ಚಗೆ. ಹಾಗಾಗಿ ಅದು ಮೈ ಸುಕ್ಕಿಸಿಕೊಂಡು ಮಲಗುತ್ತದೆ. ಮಲಗಿದಾಗ ಬೇರು ನೀರು ಹೀರುವುದು ಬಹಳ ಕಡಿಮೆ; ಹಾಕಿದ್ದೆಲ್ಲ ಬುಡದಲ್ಲಿ ನಿಂತು ಕೊಳೆಸುತ್ತದೆ.

ದೀಪಾವಳಿಯಿಂದ ಫೆಬ್ರವರಿ ಕೊನೆಯವರೆಗೆ ಹತ್ತು-ಹದಿನೈದು ದಿನಕ್ಕೊಮ್ಮೆ, ಕುಂಡದ ತೂತಿನಿಂದ ಸೋರುವಷ್ಟು ನೀರು ಕೊಡಿ. ಮಾರ್ಚ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ಸಂಜೆ ಅಂಚಿಗೆ ಎರಡು ಚಮಚ ಸಾಕು. ಮಳೆಗಾಲದಲ್ಲಿ ಏನೂ ಬೇಡ. ಇರಚಲು ಬೀಳದ, ಗಾಳಿ ಆಡುವ ಕಿಟಕಿ ಸಿಕ್ಕರೆ ಅದೇ ದೊಡ್ಡದು. ನಮ್ಮಲ್ಲಿ ಚಳಿಗಾಲದ ರಾತ್ರಿಯೂ 20 ಡಿಗ್ರಿಯ ಆಸುಪಾಸು. ಹಾಗಾಗಿ ಬೆಳವಣಿಗೆ ನಿಧಾನ ಎಂದು ಮಗುವಿಗೆ ಮೊದಲೇ ಹೇಳಿಡಿ.

ಮಣ್ಣಿಗೆ ದೂರ ಹೋಗಬೇಕಿಲ್ಲ. ಕಾರ್ಕಳದ ಕಡೆ ಮುರಕಲ್ಲು ಕೆತ್ತುವಲ್ಲಿ ಉದುರುವ ಚೂರನ್ನು ಜರಡಿ ಹಿಡಿದು ಧೂಳು ತೆಗೆಯಿರಿ. ಅದು ಮೂರು ಪಾಲು, ಹಳೆಯ ಗೊಬ್ಬರ ಒಂದು ಪಾಲು. ಕಾಪು ಕಡಲತೀರದ ಮರಳು ಬೇಡ, ಉಪ್ಪಿರುತ್ತದೆ. ತಮಾಷೆಯೆಂದರೆ ಇದೇ ಕುಟುಂಬದ ಸೆಸುವಿಯಂ ನಮ್ಮ ಅಳಿವೆಗಳ ಬದಿಯ ಉಪ್ಪು ಕೆಸರಿನಲ್ಲೇ ಹಾಯಾಗಿ ಹಬ್ಬುತ್ತದೆ! ಮಣ್ಣಿನ ಸಣ್ಣ ಕುಂಡ ಒಳ್ಳೆಯದು. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನದ್ದು ಬೇಡ. ಕೊಳ್ಳುವಾಗ ಬೀಜದಿಂದ ಬೆಳೆಸಿದ್ದೇ ಎಂದು ಕೇಳಿ. ಆಫ್ರಿಕಾದ ಬಂಡೆಗಳಿಂದ ಕಿತ್ತು ಕಳ್ಳಸಾಗಣೆ ಮಾಡುವವರಿದ್ದಾರೆ.

ಮಕ್ಕಳಿಗೆ ನಿಜಕ್ಕೂ ತೋರಿಸಬೇಕಾದದ್ದು ಬೇರೆಯೇ ಇದೆ. ಬೇಸಿಗೆಯಲ್ಲಿ ಹಳೆಯ ಎಲೆಜೋಡಿ ಒಣಗಿ ಈರುಳ್ಳಿ ಸಿಪ್ಪೆಯಂತೆ ಕಂದಾಗುತ್ತದೆ. ಗಿಡ ಸತ್ತಿತೆಂದೇ ತೋರುತ್ತದೆ. ಚಳಿ ಶುರುವಾದ ಮೇಲೆ ಆ ಸಿಪ್ಪೆ ಬಿರಿದು ಒಳಗಿಂದ ಹೊಸ ಹಸಿರು ಗುಂಡಿ ಇಣುಕುತ್ತದೆ, ಕೆಲವೊಮ್ಮೆ ಒಂದರ ಜಾಗದಲ್ಲಿ ಎರಡು. ಸಿಪ್ಪೆ ಸುಲಿಯಲು ಉಗುರು ಹಾಕಬಾರದೆಂದು ಹೇಳಿ. ಹೇಳಿದರೂ ಹಾಕುತ್ತಾರೆ, ಆದ್ದರಿಂದ ಎರಡು ಗಿಡ ತನ್ನಿ.